ಹಂಚಿನ ಮಾಡು, ಗುಬ್ಬಿಯ ಗೂಡು

ಗಲ್ಫಿನಲ್ಲಿರುವ ಮಕ್ಕಳು ರಜೆಗೆ ಊರಿಗೆ ಬಂದಾಗ ನಮ್ಮ ಮನೆಗಳಲ್ಲಿ ತಪ್ಪದೆ ನಡೆಯುವ ಒಂದು ಮಾತುಕತೆ ಇದೆ. ಹಳೆಯ ಹಂಚಿನ ಮಾಡು ಇಳಿಸಿ ತಾರಸಿ ಹಾಕಿಸುವುದೋ, ಪಕಾಸು-ರೀಪು ಬದಲಿಸಿ ಇದ್ದುದನ್ನೇ ಸರಿಮಾಡಿಸುವುದೋ? ಮಗ ಮೊಬೈಲಿನಲ್ಲಿ ನಕ್ಷೆ ತೋರಿಸುತ್ತಾನೆ. ಉಪ್ಪ ಖರ್ಚಿನ ಲೆಕ್ಕ ಕೇಳುತ್ತಾರೆ. ಉಮ್ಮ ಮಾತ್ರ ಚಾವಡಿಯ ಮೂಲೆಯತ್ತ ನೋಡಿ, “ಆ ಗುಬ್ಬಿಗಳು ಎಲ್ಲಿಗೆ ಹೋಗಬೇಕು?” ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಆದರೆ ಆ ಪ್ರಶ್ನೆಯ ಹಿಂದೆ ನೂರೈವತ್ತು ವರ್ಷಗಳ ಚರಿತ್ರೆ ಇದೆ.

ಹಂಚು ಬರುವ ಮೊದಲು ಕರಾವಳಿಯ ಸಾಮಾನ್ಯರ ಮನೆಗಳಿಗೆ ಮುಳಿಹುಲ್ಲು ಅಥವಾ ತೆಂಗಿನ ಮಡಲಿನ ಹೊದಿಕೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹೊಸದಾಗಿ ಹೊದೆಸಬೇಕು. ಒಲೆಯ ಒಂದು ಕಿಡಿ ಸಾಕು, ಮನೆ ಬೂದಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಅದರ ಹಿಂದಿದ್ದವರು ಜಾರ್ಜ್ ಪ್ಲೆಬ್ಸ್ಟ್. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಈ ಹಂಚಿನ ಮಾದರಿ ಯುರೋಪಿನದು, ಮಣ್ಣು ನಮ್ಮ ನೇತ್ರಾವತಿ-ಗುರುಪುರ ನದಿ ತೀರದ್ದು. ಬೆನ್ನಿಗೇ ಆಲ್ಬುಕರ್ಕ್ ಕುಟುಂಬ ಬೋಳಾರದಲ್ಲಿ ಕಾರ್ಖಾನೆ ತೆರೆಯಿತು. ಮಂಗಳೂರು ಹಂಚು ಹಡಗು ಹತ್ತಿ ಸಿಲೋನ್, ಪೂರ್ವ ಆಫ್ರಿಕಾಗಳಿಗೂ ಹೋಯಿತು. ನಮ್ಮ ಹಿರಿಯರು ಮುರಕಲ್ಲಿನ ಗೋಡೆ ಎಬ್ಬಿಸಿ ಮೊದಲ ಬಾರಿಗೆ ಹಂಚು ಹಾಕಿಸಿದ ದಿನ ಮನೆಗೆ ದೊಡ್ಡ ದಿನವೇ ಆಗಿರಬೇಕು. ಅದು ಆ ಕಾಲದ ‘ಮನೆ ರಿಪೇರಿ ಯೋಜನೆ’.

ಆ ಯೋಜನೆಯಲ್ಲಿ ಯಾರೂ ಬರೆಯದ ಒಂದು ಕೋಣೆ ಇತ್ತು. ಗೋಡೆಯ ತಲೆ ಮತ್ತು ಹಂಚಿನ ನಡುವೆ ಉಳಿಯುವ ಸಂದು ಗಾಳಿಗೆ ದಾರಿ, ಗುಬ್ಬಿಗೆ ಮನೆ. ಅಂಗಳದಲ್ಲಿ ಒಣಹಾಕಿದ ಭತ್ತ, ಕೇರುವಾಗ ಬಿದ್ದ ನುಚ್ಚು ಅದರ ಊಟ. ಮರಿಗಳಿಗೆ ಬೇಕಾದ ಹುಳುಗಳು ಹಟ್ಟಿಯ ಬಳಿ, ಬೇಲಿಯ ಗಿಡಗಳಲ್ಲಿ ಸಿಗುತ್ತಿದ್ದವು. ಬಾವಿಕಟ್ಟೆಯ ಹತ್ತಿರ ಬಾಲ ಎತ್ತಿ ಹಾಡುವ ಮಡಿವಾಳ ಹಕ್ಕಿ, ಮಲ್ಲಿಗೆ ಪೊದೆಯಲ್ಲಿ ಪಿಕಳಾರ, ಬಟ್ಟೆ ಒಣಗಿಸುವ ಹಗ್ಗಕ್ಕೇ ಗೂಡು ನೇತುಹಾಕುವ ಸೂರಕ್ಕಿ, ಬೇಲಿಯ ಬುಡದಲ್ಲಿ ಕೆಂಗಣ್ಣಿನ ಕೆಂಬೂತ. ಇವನ್ನು ಯಾರೂ ಸಾಕಲಿಲ್ಲ. ನಾವು ಬದುಕಿದ ರೀತಿಯೇ ಅವುಗಳಿಗೆ ಜಾಗ ಕೊಟ್ಟಿತ್ತು.

ಮನೆ ಎಂದರೆ ಎಲ್ಲ ಕಡೆ ಒಂದೇ ಅಲ್ಲ. ಕರ್ನಾಟಕದ ಗಡಿಯಾಚೆ, ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆ ನಮ್ಮ ಮಳೆಯ ಕಾಲು ಭಾಗವೂ ಬೀಳುವುದಿಲ್ಲ. ಅಲ್ಲಿನ ಹಳೆಯ ಮನೆಗಳಿಗೆ ಇಳಿಜಾರು ಮಾಡಿನ ಅಗತ್ಯವಿರಲಿಲ್ಲ; ಕಲ್ಲು-ಮಣ್ಣಿನ ಗೋಡೆ, ಮೇಲೆ ಚಪ್ಪಟೆ ಮಣ್ಣಿನ ಮಾಳಿಗೆ. ಆ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು, ನಮ್ಮ ಜಿಲ್ಲೆ ಮದ್ರಾಸಿಗೆ. 1956ರ ನವೆಂಬರ್ 1ರಂದು ಅವು ಆಂಧ್ರಪ್ರದೇಶದ ಪಾಲಾದವು, ನಾವು ಮೈಸೂರು ರಾಜ್ಯಕ್ಕೆ ಬಂದೆವು, ಕಾಸರಗೋಡು ಕೇರಳಕ್ಕೆ ಹೋಯಿತು. ಕನ್ನಡ ಮಾತಾಡುವ ಮನೆಗಳು ಎರಡೂ ಗಡಿಗಳಾಚೆ ಉಳಿದವು. ಇಂದಿಗೂ ಕರ್ನಾಟಕ, ತೆಲಂಗಾಣ ಎರಡರ ರಾಜ್ಯಪಕ್ಷಿಯೂ ಒಂದೇ: ನೀಲಕಂಠ. ಅಲ್ಲಿಯವರು ಅದನ್ನು ಪಾಲಪಿಟ್ಟ ಎನ್ನುತ್ತಾರೆ.

ಅದೇ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು 1930ರ ದಶಕದ ಆರಂಭದಲ್ಲಿ ನಡೆಸಿದವರು ಸಲೀಂ ಅಲಿ. ಮುಂಬೈಯ ಬೋಹ್ರಾ ಮನೆತನದ, ತಂದೆತಾಯಿ ಇಲ್ಲದೆ ಮಾವನ ಆಸರೆಯಲ್ಲಿ ಬೆಳೆದ ಈ ಹುಡುಗ ಒಂದು ದಿನ ಏರ್‌ಗನ್ನಿನಿಂದ ಗುಬ್ಬಿ ಹೊಡೆದ. ಅದರ ಕೊರಳಲ್ಲಿ ಹಳದಿ ಗುರುತಿತ್ತು. ಅದು ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದವನು ಜೀವಮಾನವಿಡೀ ಹಕ್ಕಿಗಳ ಹಿಂದೆ ಹೋದ. ಮುಂದೆ ಬರೆದ ಆತ್ಮಕಥೆಗೂ ಗುಬ್ಬಿಯ ಹೆಸರನ್ನೇ ಇಟ್ಟರು. ನಮ್ಮ ಮಕ್ಕಳಿಗೆ ಈ ಕಥೆ ಹೇಳಬೇಕು.

1970ರ ದಶಕದಿಂದ ಗಲ್ಫಿನ ದುಡಿಮೆ ನಮ್ಮ ಮನೆಗಳ ಮುಖ ಬದಲಿಸಿತು. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟು ರಾತ್ರಿ ಕಳೆದವರು ತಾರಸಿ ಬಯಸಿದ್ದರಲ್ಲಿ ತಪ್ಪಿಲ್ಲ. ಅದು ಬೆವರಿನ ಹಣದ ಮನೆ. ಆದರೆ ಸಂದುಗಳು ಮುಚ್ಚಿದವು, ಬೇಲಿಯ ಜಾಗಕ್ಕೆ ಕಂಪೌಂಡ್ ಗೋಡೆ ಬಂತು, ಅಂಗಳಕ್ಕೆ ಇಂಟರ್‌ಲಾಕ್ ಬಂತು. ಗದ್ದೆ ಹೋದ ಮೇಲೆ ಅಂಗಳದಲ್ಲಿ ಭತ್ತವೂ ಇಲ್ಲ. ಗುಬ್ಬಿ ಮನೆ ಬಿಟ್ಟದ್ದು ಇವೆಲ್ಲ ಸೇರಿ. ಮಾಡು ಮಾತ್ರ ಕಾರಣವಲ್ಲ.

ಯಾರಾದರೂ ನೆಟ್ಟ ಗಿಡದಿಂದ ಹಕ್ಕಿ ತಿಂದರೂ ಅದು ನೆಟ್ಟವನಿಗೆ ಸದಖಾ ಎಂದು ಪ್ರವಾದಿ (ಸ) ಕಲಿಸಿದ್ದಾರೆ. ಪ್ರಯಾಣದಲ್ಲಿ ಸಹಚರರು ಒಂದು ಹಕ್ಕಿಯ ಮರಿಗಳನ್ನು ಎತ್ತಿಕೊಂಡಾಗ, ತಾಯಿಹಕ್ಕಿಯ ಸಂಕಟ ಕಂಡು ಮರಿಗಳನ್ನು ಮರಳಿಸಲು ಹೇಳಿದ್ದೂ ಹದೀಸಿನಲ್ಲಿದೆ. ಉಮ್ಮ ಕೇಳಿದ್ದು ಇದನ್ನೇ.

ಹಾಗಾದರೆ ಮನೆ ಕಟ್ಟಬಾರದೇ? ಕಟ್ಟಬೇಕು, ಆದರೆ ಒಂದೆರಡು ವಿಷಯ ನೆನಪಿಟ್ಟುಕೊಂಡು. ನಾವು ಮಾಡು ಬಿಚ್ಚುವುದು ಮಳೆಗೆ ಮೊದಲು, ಏಪ್ರಿಲ್-ಮೇಯಲ್ಲಿ. ಅನೇಕ ಹಕ್ಕಿಗಳು ಮೊಟ್ಟೆ ಇಡುವ ಕಾಲವೂ ಅದೇ. ಗುಬ್ಬಿ ಮೊಟ್ಟೆ ಇಟ್ಟು ಮರಿ ಹಾರಲು ಸುಮಾರು ಒಂದು ತಿಂಗಳು ಸಾಕು. ಆದ್ದರಿಂದ ಮೊದಲು ಮೂಲೆಗಳನ್ನು ನೋಡಿ, ಗೂಡಿದ್ದರೆ ಕೆಲಸವನ್ನು ಇನ್ನೊಂದು ಬದಿಯಿಂದ ಶುರು ಮಾಡಿ. ತಾರಸಿಯೇ ಆದರೆ, ಮಳೆ-ಬಿಸಿಲು ತಾಗದ ಸಜ್ಜೆಯ ಕೆಳಗೆ 32 ಮಿ.ಮೀ. ಅಗಲದ ತೂತಿರುವ ಮರದ ಪೆಟ್ಟಿಗೆ ಇಡಿ. ಬೆಕ್ಕು ಹತ್ತದ ಎತ್ತರವಿರಲಿ. ಅಂಗಳದ ಒಂದು ಬದಿಯನ್ನಾದರೂ ಮಣ್ಣಾಗಿ ಬಿಡಿ, ಅಲ್ಲಿ ಒಂದು ದಾಸವಾಳ, ಒಂದು ಪೇರಳೆ ಇರಲಿ. ಇಳಿಸಿದ ಹಂಚುಗಳ ಬೆನ್ನು ತಿರುಗಿಸಿ ನೋಡಿ. ಎಷ್ಟೋ ಹಂಚುಗಳಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಒಂದನ್ನಾದರೂ ಮಾರದೆ ಉಳಿಸಿಕೊಳ್ಳಿ.

ನಕ್ಷೆ ಬರೆಯುವ ಇಂಜಿನಿಯರ್ ಎಷ್ಟು ಕೋಣೆ ಬೇಕು ಎಂದು ಕೇಳುತ್ತಾರೆ. ಉತ್ತರ ಹೇಳುವ ಮೊದಲು ಉಮ್ಮನನ್ನೂ ಒಮ್ಮೆ ಕೇಳಿ.