ಜಾರಿದ ಒಂದು ಬಳೆ

ಮನೇಲಿ ಬಿಯರ್ ಮಾಡೋರ ಕೆಗ್ ಸೋರಿದರೆ ಹೋಗೋದು ಹತ್ತಿಪ್ಪತ್ತು ಲೀಟರ್, ಜೊತೆಗೆ ಕೆಲವು ವಾರ ಕಾದದ್ದು. ನೆಲ ಒರೆಸಿದರೆ ಕಥೆ ಮುಗೀತು. ಆದರೆ 1814ರ ಅಕ್ಟೋಬರ್ 17ರಂದು ಲಂಡನ್‌ನಲ್ಲಿ ಹೋದದ್ದು ಬರೀ ಬಿಯರ್ ಅಲ್ಲ.

ಟಾಟನ್‌ಹ್ಯಾಮ್ ಕೋರ್ಟ್ ರೋಡಿನ ಹಾರ್ಸ್ ಶೂ ಬ್ರೂವರಿಯಲ್ಲಿ 22 ಅಡಿ ಎತ್ತರದ ಮರದ ಪೀಪಾಯಿ ಇತ್ತು. ಒಳಗೆ 3,500 ಬ್ಯಾರೆಲ್‌ಗೂ ಹೆಚ್ಚು ಪೋರ್ಟರ್, ಅಂದರೆ ಕಪ್ಪು ಬಿಯರ್. ಹಲಗೆಗಳನ್ನು ಬಿಗಿದು ಹಿಡಿದಿದ್ದದ್ದು ಕಬ್ಬಿಣದ ಬಳೆಗಳು. ಸಂಜೆ ನಾಲ್ಕೂವರೆಗೆ ಗುಮಾಸ್ತ ಜಾರ್ಜ್ ಕ್ರಿಕ್ ನೋಡ್ತಾನೆ, ಒಂದು ಬಳೆ ಜಾರಿದೆ. ವರ್ಷಕ್ಕೆ ಎರಡು ಮೂರು ಸಲ ಹೀಗಾಗೋದು ಮಾಮೂಲು. ಮೇಲಿನವನು ಏನೂ ಆಗಲ್ಲ ಅಂದ. ಆಮೇಲೆ ರಿಪೇರಿ ಮಾಡಿಸೋಕೆ ಚೀಟಿ ಬರೆಸಿದ. ಸುಮಾರು ಒಂದು ಗಂಟೆ ಕಳೆದು, ಚೀಟಿ ಇನ್ನೂ ಕ್ರಿಕ್‌ನ ಕೈಯಲ್ಲಿರುವಾಗಲೇ ಪೀಪಾಯಿ ಒಡೆಯಿತು.

ಹಿಂದಿನ ಗೋಡೆ ಕುಸಿದು, ಸೇಂಟ್ ಜೈಲ್ಸ್‌ನ ಬಡವರ ಗಲ್ಲಿಗೆ ಬಿಯರ್ ನುಗ್ಗಿತು. ಸತ್ತವರು ಎಂಟು ಜನ, ಎಲ್ಲರೂ ಹೆಂಗಸರು, ಮಕ್ಕಳು. ಅವರಲ್ಲಿ ಐವರು, ತೀರಿಕೊಂಡ ಎರಡು ವರ್ಷದ ಮಗುವಿಗಾಗಿ ನೆಲಮಾಳಿಗೆಯಲ್ಲಿ ಸೇರಿದ್ದವರು.

ಜನ ರಸ್ತೆಯಲ್ಲೇ ಬಾಚಿ ಕುಡಿದು ಸತ್ತರು ಅನ್ನೋ ಕಥೆ ಇವತ್ತಿಗೂ ಓಡಾಡುತ್ತೆ. ಆ ಕಾಲದ ಪತ್ರಿಕೆಗಳಲ್ಲಿ ಅಂಥದ್ದೇನೂ ಇಲ್ಲ. ಬಡವರ ಸಾವಿಗೆ ಬಡವರನ್ನೇ ಹೊಣೆ ಮಾಡೋದು ಎಷ್ಟು ಸುಲಭ ನೋಡಿ.

ವಿಚಾರಣೆಯ ತೀರ್ಪು: ಆಕಸ್ಮಿಕ, ದುರದೃಷ್ಟ. ಚೆಲ್ಲಿದ ಬಿಯರ್‌ಗೆ ಕಟ್ಟಿದ್ದ ಸುಂಕ, ಸುಮಾರು 7,250 ಪೌಂಡ್, ಕಂಪನಿಗೆ ವಾಪಸ್ ಬಂತು. ಸತ್ತವರ ಮಣ್ಣಿನ ಖರ್ಚಿಗೆ ಆದದ್ದು ಹೆಣ ನೋಡಲು ಬಂದವರು ಕೊಟ್ಟ ಕಾಸು.