ಒಂದು ಫ್ರೇಮು, ಮೂರು ಗಾಜು: ಕೂಲಿಂಗ್ ಗ್ಲಾಸ್ ಶೋಕಿಗೆ ಹುಟ್ಟಿದ್ದಲ್ಲ

ಶ್ರವಣಬೆಳಗೊಳದ ದೊಡ್ಡಬೆಟ್ಟದ ಬುಡದಲ್ಲಿ ಸಾಕ್ಸ್ ಮಾರುವವರನ್ನು ನೀವೂ ನೋಡಿರುತ್ತೀರಿ. ಚಪ್ಪಲಿ ಬಿಟ್ಟು ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು, ಮಧ್ಯಾಹ್ನವಾದರೆ ಬಂಡೆ ಹಂಚಿನ ಹಾಗೆ ಕಾಯುತ್ತದೆ. ಕಾಲಿಗೆ ಸಾಕ್ಸ್ ಹಾಕಿಕೊಳ್ಳುವ ನಾವು ಕಣ್ಣಿಗೆ ಮಾತ್ರ ಅಂಗೈ ಅಡ್ಡ ಹಿಡಿದುಕೊಂಡೇ ಹತ್ತುತ್ತೇವೆ. ಬಂಡೆಯಿಂದ ಮೇಲಕ್ಕೆ ಚಿಮ್ಮುವ ಬೆಳಕಿಗೆ ಅಂಗೈ ಅಡ್ಡ ಬರುವುದಿಲ್ಲ.

2018ರ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕದ ವರದಿಗೆ ಹೋಗಿದ್ದಾಗ ನಾನು ಜೀವನದ ಮೊದಲ ಕೂಲಿಂಗ್ ಗ್ಲಾಸ್ ತಗೊಂಡೆ. ರಸ್ತೆಬದಿಯಲ್ಲಿ, ನೂರೈವತ್ತು ರೂಪಾಯಿ. ಅದನ್ನು ಹಾಕಿಕೊಂಡು ಊರಿಗೆ ಬಂದರೆ ಜಗಲಿ ಮೇಲೆ ಕೂತಿದ್ದ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: 'ಏನ್ಲಾ ಮಗ, ಮದ್ರಾಸ್ ಐ ಬಂದೈತೇನ್ಲಾ?'

ನಮ್ಮ ಕಡೆ ಕಪ್ಪು ಕನ್ನಡಕಕ್ಕೆ ಇರುವ ಅರ್ಥ ಇಷ್ಟೇ. ಒಂದೋ ಕಣ್ಣು ಬಂದಿರಬೇಕು, ಇಲ್ಲಾ ಪೊರೆ ತೆಗೆಸಿರಬೇಕು, ಇಲ್ಲಾ ಸಿನಿಮಾ ಹೀರೋ ಆಗಿರಬೇಕು. ಇದರಲ್ಲಿ ಎರಡನೆಯದಕ್ಕೆ ದೊಡ್ಡ ಚರಿತ್ರೆಯೇ ಇದೆ. ಬೀಳಗಿಯ ಡಾಕ್ಟರ್ ಎಂ.ಸಿ. ಮೋದಿಯವರು ಊರೂರು ತಿರುಗಿ ಉಚಿತ ನೇತ್ರ ಶಿಬಿರ ನಡೆಸಿದವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಜನರ ಪೊರೆ ತೆಗೆದದ್ದು ದಾಖಲೆಯಾಗಿ ಉಳಿದಿದೆ. ಅಂಥ ಶಿಬಿರಗಳ ಕಾಲದಿಂದ ಹಳ್ಳಿಯಲ್ಲಿ ಕಪ್ಪು ಕನ್ನಡಕ ಅಂದರೆ 'ಆಪ್ರೇಷನ್ ಆದೋರು' ಅಂತಲೇ ಲೆಕ್ಕ. ಕಣ್ಣು ಕೆಟ್ಟಮೇಲೆ ಹಾಕುವ ವಸ್ತು ಅದು. ಕೆಡುವ ಮೊದಲು ಹಾಕಬಹುದು ಅಂತ ಯಾರಿಗೂ ಹೊಳೆಯಲಿಲ್ಲ.

ಇನ್ನು ನನ್ನ ನೂರೈವತ್ತರ ಕನ್ನಡಕದ ಕಥೆ. ಆಮೇಲೊಂದು ದಿನ ಬಿಸಿಲೆ ಕಡೆ ಚಾರಣಕ್ಕೆ ಹೋದ ತಂಡದ ಜೊತೆ ನಾನೂ ಹೊರಟೆ. ಬೋಳು ಗುಡ್ಡದಲ್ಲಿ ನಡೆಯುವಾಗ ಏನೂ ತೊಂದರೆ ಇರಲಿಲ್ಲ. ಬಿಸಿಲಿಂದ ಸೀದಾ ಕಾಡಿನ ನೆರಳಿಗೆ ಇಳಿದ ಕೂಡಲೇ ಕತ್ತಲು. ಎದ್ದ ಬೇರು ಕಾಣಲಿಲ್ಲ, ಮುಗ್ಗರಿಸಿ ಬಿದ್ದೆ, ಮೊಣಕಾಲು ಒಡೆಯಿತು. ಜೊತೆಗಿದ್ದ ಬೆಂಗಳೂರಿನ ಹುಡುಗನೊಬ್ಬ ನಿಂತ, ತನ್ನ ಕನ್ನಡಕದ ಗಾಜನ್ನು ಟಕ್ ಅಂತ ಬಿಚ್ಚಿ ಡಬ್ಬಿಗೆ ಹಾಕಿದ, ತಿಳಿ ಹಳದಿಯ ಇನ್ನೊಂದು ಗಾಜು ಸಿಕ್ಕಿಸಿಕೊಂಡು ಮುಂದೆ ನಡೆದ. ಫ್ರೇಮು ಅದೇ, ಗಾಜು ಬೇರೆ. ಅಲ್ಲಿಂದ ನನಗೆ ಇದರ ಹಿಂದೆ ಬೀಳುವ ಹುಚ್ಚು ಹತ್ತಿತು.

ಕನ್ನಡಕ ನಮ್ಮ ನಾಡಿಗೆ ಹೊಸದೇನಲ್ಲ. ವಿಜಯನಗರ ಕಾಲದ ವ್ಯಾಸತೀರ್ಥರ ಬಗ್ಗೆ ಸೋಮನಾಥ ಕವಿ ಸಂಸ್ಕೃತದಲ್ಲಿ ಬರೆದ 'ವ್ಯಾಸಯೋಗಿಚರಿತ'ದಲ್ಲಿ ಅವರು ಕನ್ನಡಕ ಇಟ್ಟುಕೊಂಡು ಓದುವ ಮಾತು ಬರುತ್ತದೆ. ಇದನ್ನು ಎತ್ತಿ ತೋರಿಸಿದವರು ಪುಣೆಯ ವಿದ್ವಾಂಸ ಪಿ.ಕೆ. ಗೋಡೆ. ಕಾಲ ಸುಮಾರು 1520. ಅದು ಓದುವ ಕನ್ನಡಕ, ಬಿಸಿಲಿನದ್ದಲ್ಲ. ಬಿಸಿಲಿಗೆ ನಮ್ಮವರ ಹತ್ತಿರ ಇದ್ದದ್ದು ರುಮಾಲು, ಟವೆಲ್, ಕಂಬಳಿ ಕೊಪ್ಪೆ.

ಬೆಳಕಿಗೆ ಅಡ್ಡ ಹಿಡಿಯುವ ಕನ್ನಡಕವನ್ನು ಮೊದಲು ಮಾಡಿಕೊಂಡವರು ಹಿಮದ ನಾಡಿನ ಇನ್ಯುಟ್ ಬೇಟೆಗಾರರು. ಮೂಳೆ ಅಥವಾ ಮರದ ಪಟ್ಟಿಯಲ್ಲಿ ಸಣ್ಣ ಸೀಳು ಕೊರೆದು ಕಣ್ಣಿಗೆ ಕಟ್ಟಿಕೊಳ್ಳುತ್ತಿದ್ದರು. ಗಾಜೇ ಇಲ್ಲ! ಹಿಮದ ಮೇಲಿನ ಬೆಳಕು ಕಣ್ಣನ್ನು ಸುಡುತ್ತದೆ ಅಂತ ದುಡಿದು ತಿನ್ನುವವರಿಗೆ ಗೊತ್ತಿತ್ತು.

ಬೇಕಾದಾಗ ಗಾಜು ಬದಲಿಸುವ ಯೋಚನೆಯೂ ಹಳೆಯದೇ. 1797ರಲ್ಲಿ ಲಂಡನ್ನಿನ ಜಾನ್ ರಿಚರ್ಡ್‌ಸನ್ ಅನ್ನುವವನು ನಾಲ್ಕು ಗಾಜಿನ ಕನ್ನಡಕಕ್ಕೆ ಪೇಟೆಂಟ್ ಪಡೆದ. ಪಕ್ಕದಲ್ಲಿ ಕೀಲಿಗೆ ಇನ್ನೊಂದು ಜೋಡಿ ಗಾಜು, ಬೇಕಾದಾಗ ಮುಂದಕ್ಕೆ ಮಡಚಿಕೊಳ್ಳಬಹುದು. ರೈಲು ಬಂದಮೇಲೆ ಇದೇ ಮಾದರಿಯಲ್ಲಿ ಬಣ್ಣದ ಗಾಜಿನ 'ರೈಲ್ವೆ ಕನ್ನಡಕ' ಬಂತು. ತೆರೆದ ಬೋಗಿಯಲ್ಲಿ ಕೂತವರ ಕಣ್ಣಿಗೆ ಕಲ್ಲಿದ್ದಲ ಕಿಡಿ ಬೀಳದಿರಲಿ ಅಂತ. ಹೊಳೆನರಸೀಪುರದ ಮೇಲೆ ಹಾದುಹೋಗುವ ನಮ್ಮ ಮೈಸೂರು–ಅರಸೀಕೆರೆ ಲೈನಿನಲ್ಲಿ ಹಬೆ ಇಂಜಿನ್ ಕಾಲದಲ್ಲಿ ಓಡಾಡಿದ ಹಿರಿಯರಿಗೆ ಆ ಕಿಡಿಯ ಪರಿಚಯ ಚೆನ್ನಾಗಿಯೇ ಇದೆ, ಕನ್ನಡಕದ್ದು ಇಲ್ಲ.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು 1913. ಗಾಜಿನ ಕುಲುಮೆ ಮುಂದೆ ದುಡಿಯುವ ಕೂಲಿಕಾರರಿಗೆ ಬೇಗ ಕಣ್ಣಿಗೆ ಪೊರೆ ಬರುತ್ತಿತ್ತು. ಅವರಿಗಾಗಿ ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಗಾಜಿಗೆ ಬೇರೆಬೇರೆ ಲೋಹಗಳ ಅಂಶ ಬೆರೆಸಿ ನೂರಾರು ಮಿಶ್ರಣ ಪರೀಕ್ಷಿಸಿ, ಕೆಡುಕಿನ ಕಿರಣ ತಡೆಯುವ ಗಾಜು ಮಾಡಿದ. ಅಂದರೆ ಕಣ್ಣು ಕಾಯುವ ಗಾಜು ಲ್ಯಾಬಿನಿಂದ ಹೊರಬಂದದ್ದು ಬೆವರು ಸುರಿಸುವವರ ಸಲುವಾಗಿ. ಅಮೆರಿಕದ ಕಡಲತೀರದಲ್ಲಿ ಸ್ಯಾಮ್ ಫೋಸ್ಟರ್ ಅಗ್ಗದ ಕೂಲಿಂಗ್ ಗ್ಲಾಸ್ ಮಾರಿದ್ದು 1929ರಲ್ಲಿ. ಶೋಕಿ ಆಮೇಲೆ ಬಂದದ್ದು.

ಒಂದೇ ಗಾಜು ಎಲ್ಲಕ್ಕೂ ಆಗುವುದಿಲ್ಲ ಅನ್ನುವುದಕ್ಕೆ ಎವರೆಸ್ಟ್ ಸಾಕ್ಷಿ. 1924ರ ಜೂನ್ 4ರಂದು ಎಡ್ವರ್ಡ್ ನಾರ್ಟನ್ ಆಮ್ಲಜನಕದ ಸಿಲಿಂಡರ್ ಇಲ್ಲದೆ 8,500 ಮೀಟರ್ ದಾಟಿದ. ಕಾಲಡಿ ಹಿಮವಲ್ಲ, ಕಪ್ಪು ಬಂಡೆ. ಗಾಗಲ್ ಹಾಕಿದರೆ ಹೆಜ್ಜೆ ಇಡುವ ಜಾಗ ಸರಿಯಾಗಿ ಕಾಣದು, ಅದಕ್ಕೆ ತೆಗೆದುಬಿಟ್ಟ. ಅಂದು ರಾತ್ರಿಯೇ ಹಿಮಕುರುಡು, ಎರಡು ದಿನಕ್ಕೂ ಹೆಚ್ಚು ಕಣ್ಣು ಕಾಣಲಿಲ್ಲ. ಬಿಸಿಲೆಯಲ್ಲಿ ನಾನು ಬಿದ್ದದ್ದೂ ಇದೇ ಗೊಂದಲದಲ್ಲಿ: ಹಾಕಿದರೆ ದಾರಿ ಕಾಣದು, ತೆಗೆದರೆ ಕಣ್ಣು ಉಳಿಯದು. ಅವನದು ಎವರೆಸ್ಟ್, ನನ್ನದು ಬೇರು, ಅಷ್ಟೇ ವ್ಯತ್ಯಾಸ.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನಿಕರಿಗೆ ಬಿಳಿ ಗಾಜು, ಹಸಿರು ಗಾಜು ಎರಡನ್ನೂ ಹಾಕಿ ತೆಗೆಯಬಹುದಾದ ಗಾಗಲ್ ಕೊಟ್ಟರು. 1984ರಲ್ಲಿ ಓಕ್ಲಿ ಕಂಪನಿ ಸೈಕಲ್ ಪಟುಗಳಿಗೆ ಗಾಜು ಬದಲಿಸುವ 'ಐಶೇಡ್' ತಂದಿತು. ಗ್ರೆಗ್ ಲೆಮಾಂಡ್ ಅಂಥದ್ದನ್ನು ಹಾಕಿಕೊಂಡು ಟೂರ್ ದ ಫ್ರಾನ್ಸ್ ಓಡಿಸಿದ ಮೇಲೆ ಆಟದ ಮೈದಾನದಿಂದ ಚಾರಣದ ದಾರಿವರೆಗೆ ಹಬ್ಬಿತು.

ಇನ್ನೊಂದು ಬಗೆಯ ಗಾಜಿದೆ, ಪೋಲರೈಸ್ಡ್. ಅದರ ಕೆಲಸ ನೋಡಬೇಕಾದರೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಿ. ಕಾವೇರಿಯ ವಹ್ನಿಪುಷ್ಕರಿಣಿಯಲ್ಲಿ ಜನ ಮೀನಿಗೆ ಪುರಿ ಹಾಕುತ್ತಾರೆ. ಬರಿಗಣ್ಣಿಗೆ ನೀರಿನ ಮೇಲೆ ಆಕಾಶ ಹೊಳೆಯುತ್ತದೆ. ಈ ಗಾಜು ಹಾಕಿದರೆ ಹೊಳಪು ಸರಿದು ಕೆಳಗಿನ ಮೀನು ಬೆನ್ನು ಸಮೇತ ಕಾಣುತ್ತದೆ. ಸರ್ ಸಿ.ವಿ. ರಾಮನ್ 1921ರಲ್ಲಿ ಹಡಗಿನಲ್ಲಿ ಬರುವಾಗ ಇದೇ ತತ್ವದ ಪಟ್ಟಕದಿಂದ ಕಡಲಿನ ಮೇಲ್ಮೈ ಹೊಳಪನ್ನು ಕಳೆದು ನೋಡಿದರು. ನೀಲಿ ಹಾಗೇ ಉಳಿಯಿತು. ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬವಲ್ಲ ಅಂತ ತೋರಿಸಿಕೊಟ್ಟರು. ಗೊರೂರು ಹಿನ್ನೀರಿನಲ್ಲಿ ತೆಪ್ಪದಲ್ಲಿ ಹೋಗುವ ಮೀನುಗಾರರಿಗೆ ಇದು ಬಹಳ ಉಪಯೋಗ ಅಂತ ನನ್ನ ಅನಿಸಿಕೆ. ಒಂದು ತೊಡಕು: ಫೋನನ್ನು ಅಡ್ಡ ತಿರುಗಿಸಿದರೆ ಕೆಲವು ಸ್ಕ್ರೀನ್ ಕಪ್ಪಾಗಿ ಕಾಣುತ್ತವೆ. ಫೋನ್ ಹಾಳಾಯ್ತು ಅಂತ ಗಾಬರಿಯಾಗಬೇಡಿ.

ತಗೊಳ್ಳುವವರಿಗೆ ಒಂದೆರಡು ಮಾತು. ಗಾಜು ಕಪ್ಪಗಿದ್ದ ಮಾತ್ರಕ್ಕೆ ಕಣ್ಣು ಕಾಯುವುದಿಲ್ಲ. ನೇರಳಾತೀತ ಕಿರಣ ತಡೆಯದ ಕಪ್ಪು ಗಾಜು ಹಾಕಿದರೆ ಕತ್ತಲಿಗೆ ಕಣ್ಣಿನ ಪಾಪೆ ಅಗಲವಾಗುತ್ತದೆ, ಕಿರಣ ಇನ್ನೂ ಸಲೀಸಾಗಿ ಒಳಗೆ ಹೋಗುತ್ತದೆ. 'ಯುವಿ 400' ಅಂತ ಬರೆದಿರಬೇಕು. ಬರಹ ನಂಬದಿದ್ದರೆ ಮೀಟರ್ ಇರುವ ಕನ್ನಡಕದಂಗಡಿಯಲ್ಲಿ ಪರೀಕ್ಷಿಸಿ ಅಂತ ಕೇಳಿ. ಒಳ್ಳೆಯ ಪಾಲಿಕಾರ್ಬೊನೇಟ್ ಆದರೆ ಬಣ್ಣವಿಲ್ಲದ ಗಾಜೂ ಈ ಕಿರಣ ತಡೆಯುತ್ತದೆ. ಬಟ್ಟಬಯಲಿಗೆ ಬೂದು ಗಾಜು, ಮಂಜು ಮತ್ತು ಕಾಡಿನ ನೆರಳಿಗೆ ತಿಳಿ ಹಳದಿ, ಧೂಳಿಗೆ ಮತ್ತು ಸಂಜೆಗೆ ಬಿಳಿ. ಕಪ್ಪು ಗಾಜಿನಲ್ಲಿ ರಾತ್ರಿ ಬೈಕ್ ಓಡಿಸಬೇಡಿ, ಹಳದಿಯಲ್ಲೂ ಬೇಡ. ಲುಂಗಿ ತುದಿಯಲ್ಲಿ ಒರೆಸಿದರೆ ಗೀರು ಬೀಳುತ್ತದೆ, ಮೊದಲು ನೀರಲ್ಲಿ ತೊಳೆಯಿರಿ.

ನಾನು ಆಮೇಲೆ ಮೂರು ಗಾಜಿನದ್ದೊಂದು ತಗೊಂಡೆ. ಆದರೆ ಈಗ ಅದು ನನ್ನ ಹತ್ತಿರ ಇಲ್ಲ. ದೊಡ್ಡಪ್ಪನ ಬಲಗಣ್ಣಿನಲ್ಲಿ ಮೂಗಿನ ಕಡೆಯಿಂದ ಮಾಂಸದ ಪದರ ಬೆಳೆದು ಕರಿಗುಡ್ಡೆಗೆ ತಾಗಿತ್ತು. ತೋರಿಸಿದಾಗ ಡಾಕ್ಟರು ಕೇಳಿದ್ದು, ಎಷ್ಟು ವರ್ಷದಿಂದ ಹೊಲದಲ್ಲಿದ್ದೀರಿ ಅಂತ. ಬಿಸಿಲು, ಗಾಳಿ, ಧೂಳು ಮೂರೂ ಸೇರಿ ಬೆಳೆಸುವಂಥದ್ದಂತೆ ಅದು. ನಲವತ್ತೈದು ವರ್ಷ, ಅಂದರು ದೊಡ್ಡಪ್ಪ.

ಈ ಸಲ ರಾಗಿ ಒಕ್ಕಣೆಗೆ ಬಿಳಿ ಗಾಜು ಸಿಕ್ಕಿಸಿ ಅವರ ಕೈಗೆ ಕೊಟ್ಟೆ. ಬೈದರು, ಹಾಕಿಕೊಂಡರು. ಮಿಷಿನ್ ಹತ್ತಿರ ಇದ್ದವರು 'ಆಪ್ರೇಷನ್ ಆಯ್ತಾ ಗೌಡ್ರೆ?' ಅಂತ ಕೇಳಿದ್ದಕ್ಕೆ, 'ಆಗ್ದೇ ಇರ್ಲಿ ಅಂತ ಹಾಕಿರೋದು, ಮೂಟೆ ಹಿಡಿ' ಅಂದರು. ಕಪ್ಪು ಗಾಜು ಮಾತ್ರ ಇನ್ನೂ ಡಬ್ಬಿಯಲ್ಲೇ ಇದೆ. ಅದನ್ನು ಹಾಕಿಕೊಂಡು ಸಂತೆಗೆ ಹೋಗಲು ನಾಚಿಕೆಯಂತೆ.