13 ಸಾಲು, 17 ತಪ್ಪು

ನೀವು ಐದನೆಯ ತರಗತಿಯಲ್ಲಿದ್ದಾಗ ಬರೆದ ಒಂದು ಪ್ರಬಂಧ ಈಗ ಕೈಗೆ ಸಿಕ್ಕಿತೆಂದು ಇಟ್ಟುಕೊಳ್ಳಿ. ಓದುತ್ತಿದ್ದಂತೆ ಏನಾಗುತ್ತದೆ? ಮೊದಲು ನಗು ಬರುತ್ತದೆ. ಆಮೇಲೆ ಅಕ್ಕಪಕ್ಕದಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣು ಹಾಯಿಸಿ ಅದನ್ನು ಮಡಿಸಿಡುತ್ತೀರಿ. ಕಂಪ್ಯೂಟರಿಗೆ ಪ್ರೋಗ್ರಾಮ್ (ಕ್ರಮವಿಧಿ) ಬರೆಯುವವರ ಅನುಭವವೂ ಇದೇ. ಐದು ವರ್ಷ ಹಳೆಯದಾದ ಪ್ರೋಗ್ರಾಮೊಂದನ್ನು ತೆರೆದು, 'ಇದನ್ನು ಬರೆದ ಮಹಾನುಭಾವ ಯಾರಪ್ಪ?' ಎಂದು ಹುಡುಕಿ, ಕೊನೆಗೆ ತಮ್ಮದೇ ಹೆಸರನ್ನು ಕಂಡು ತಲೆ ಕೆರೆದುಕೊಳ್ಳುವುದು ಆ ವೃತ್ತಿಯಲ್ಲಿ ಸಾಮಾನ್ಯ. ಈ ನಗುವಿಗೂ ಒಂದು ಇತಿಹಾಸವಿದೆ. ಮಡಿಸಿಡುವುದನ್ನು ಬಿಟ್ಟು ಇನ್ನೊಬ್ಬರ ಮುಂದೆ ಬಿಡಿಸಿ ತೋರಿಸುವುದನ್ನು ಪ್ರೋಗ್ರಾಮರುಗಳು ಹೇಗೆ ಕಲಿತರು ಎಂಬುದೇ ಆ ಇತಿಹಾಸದ ಸ್ವಾರಸ್ಯಕರ ಭಾಗ.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಅವರ ತಂಡ ನಿರ್ಮಿಸಿದ ಎಡ್‌ಸ್ಯಾಕ್ ಎಂಬ ಕಂಪ್ಯೂಟರು 1949ರ ಮೇ 6ರಂದು ತನ್ನ ಮೊದಲ ಪ್ರೋಗ್ರಾಮನ್ನು ನಡೆಸಿ ವರ್ಗಸಂಖ್ಯೆಗಳ ಕೋಷ್ಟಕವನ್ನು ಅಚ್ಚುಹಾಕಿತು. ಯಂತ್ರವನ್ನು ಕಟ್ಟುವುದೇ ಕಷ್ಟದ ಕೆಲಸ, ಅದಕ್ಕೆ ಆದೇಶಗಳನ್ನು ಬರೆಯುವುದು ಎಚ್ಚರವಹಿಸಿದರೆ ಸುಲಭ ಎಂದು ಆಗ ಬಹುತೇಕ ಎಲ್ಲರ ಭಾವನೆ. ಕೆಲವೇ ವಾರಗಳ ಬಳಿಕ ವಿಲ್ಕ್ಸ್ ಸ್ವಲ್ಪ ದೊಡ್ಡ ಸಮಸ್ಯೆಯೊಂದನ್ನು ಕೈಗೆತ್ತಿಕೊಂಡರು. ಏರಿ ಸಮೀಕರಣ ಎಂಬ ಅವಕಲ ಸಮೀಕರಣವನ್ನು ಬಿಡಿಸುವುದು ಅವರ ಉದ್ದೇಶ. ಕಾಮನಬಿಲ್ಲಿನ ಬೆಳಕಿನ ಅಧ್ಯಯನದೊಂದಿಗೆ ನಂಟಿರುವ ಸಮೀಕರಣ ಇದು. ಆದೇಶಗಳನ್ನು ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ಕೊರೆದು ಯಂತ್ರಕ್ಕೆ ಉಣಿಸಬೇಕಿತ್ತು. ಎಡ್‌ಸ್ಯಾಕ್ ಇದ್ದದ್ದು ಮೇಲಿನ ಅಂತಸ್ತಿನಲ್ಲಿ, ತೂತು ಕೊರೆಯುವ ಸಲಕರಣೆ ಒಂದು ಅಂತಸ್ತು ಕೆಳಗೆ. ಹೀಗೆ ಹತ್ತಿ ಇಳಿಯುತ್ತಿದ್ದಾಗ ಒಮ್ಮೆ ಮೆಟ್ಟಿಲ ತಿರುವಿನಲ್ಲಿ ಅವರಿಗೆ ಥಟ್ಟನೆ ಹೊಳೆಯಿತಂತೆ: ನನ್ನ ಉಳಿದ ಆಯುಷ್ಯದ ದೊಡ್ಡ ಪಾಲು ನಾನೇ ಬರೆದ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲೇ ಕಳೆದುಹೋಗಲಿದೆ!

ಇದನ್ನು ವಿಲ್ಕ್ಸ್ 1985ರಲ್ಲಿ ಪ್ರಕಟವಾದ ತಮ್ಮ ನೆನಪುಗಳ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಹಿರಿಯರು ವಿನಯಕ್ಕಾಗಿ ಹೇಳುವ ಮಾತಿರಬೇಕು ಎಂದು ನೀವು ಅಂದುಕೊಳ್ಳಬಹುದು. ಹಾಗಲ್ಲ, ಇದಕ್ಕೆ ಸಾಕ್ಷಿ ಉಳಿದಿತ್ತು. ಆ ಪ್ರೋಗ್ರಾಮಿನ ಒಂದು ಕಾಗದದ ಪಟ್ಟಿ ದಶಕಗಳ ನಂತರ ದೊರೆಯಿತು. ಕಂಪ್ಯೂಟರ್ ಇತಿಹಾಸಕಾರ ಮಾರ್ಟಿನ್ ಕ್ಯಾಂಪ್‌ಬೆಲ್-ಕೆಲ್ಲಿ ಅದನ್ನು ಸಾಲು ಸಾಲಾಗಿ ಓದಿ 1992ರಲ್ಲಿ ಲೇಖನ ಪ್ರಕಟಿಸಿದರು. ಪಟ್ಟಿಯಲ್ಲಿದ್ದ ಆದೇಶಗಳು 126 ಸಾಲು, ತಪ್ಪುಗಳು ಸುಮಾರು 20. ಸರಾಸರಿ ಆರು ಸಾಲಿಗೊಂದು ತಪ್ಪು! ಇಂದಿನ ಪ್ರಥಮ ವರ್ಷದ ವಿದ್ಯಾರ್ಥಿ ಇಂಥದ್ದನ್ನು ಪ್ರಯೋಗಾಲಯದಲ್ಲಿ ಒಪ್ಪಿಸಿದರೆ ಅಂಕ ಸಿಗುವುದು ಕಷ್ಟ. ಬರೆದವರು ಮಾತ್ರ ಕಂಪ್ಯೂಟರ್ ವಿಜ್ಞಾನದ ಮೂಲಪುರುಷರಲ್ಲಿ ಒಬ್ಬರು.

ಪ್ರೋಗ್ರಾಮಿಂಗ್ ವೃತ್ತಿಯಾಗಿ ಬೆಳೆದಂತೆ ಈ ಸಂಗತಿಯನ್ನು ಒಪ್ಪಿಕೊಳ್ಳುವ ಧೈರ್ಯ ಕಡಿಮೆಯಾಯಿತು ಎಂದೇ ಹೇಳಬೇಕು. ನನ್ನ ಪ್ರೋಗ್ರಾಮ್ ನನ್ನದು, ಅದರಲ್ಲಿ ತಪ್ಪಿದ್ದರೆ ನನ್ನ ಬುದ್ಧಿಯಲ್ಲೇ ತಪ್ಪಿದೆ ಎಂಬ ಭಾವನೆ ಬೆಳೆಯಿತು. 1971ರಲ್ಲಿ ಅಮೆರಿಕದ ಜೆರಾಲ್ಡ್ ವೈನ್‌ಬರ್ಗ್ ಪ್ರೋಗ್ರಾಮಿಂಗ್‌ನ ಮನಶ್ಶಾಸ್ತ್ರವನ್ನು ಕುರಿತ ತಮ್ಮ ಪುಸ್ತಕದಲ್ಲಿ ಈ ರೋಗವನ್ನು ಹೆಸರಿಸಿ, 'ಅಹಂ ಇಲ್ಲದ ಪ್ರೋಗ್ರಾಮಿಂಗ್' ಎಂಬ ಮದ್ದನ್ನು ಸೂಚಿಸಿದರು. ಅವರು ಅಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಅನುಭವಿ ಪ್ರೋಗ್ರಾಮರೊಬ್ಬ ತಾನು ಬರೆದ ತುಣುಕನ್ನು ಪರಿಶೀಲಿಸಲು ಸಹೋದ್ಯೋಗಿ ಮಹಿಳೆಯ ಕೈಗೆ ಕೊಟ್ಟ. ಅವನ ತುಣುಕಿನಲ್ಲಿದ್ದದ್ದು 13 ಆದೇಶಗಳು. ಆಕೆ ಹೆಕ್ಕಿ ತೆಗೆದದ್ದು 17 ತಪ್ಪುಗಳು!

ಮುಂದೇನಾಯಿತೆಂದು ಊಹಿಸಿ. ಆತ ಮುಖ ಸಿಂಡರಿಸಲಿಲ್ಲ, ಆಕೆಯೊಂದಿಗೆ ವಾದಕ್ಕೂ ಇಳಿಯಲಿಲ್ಲ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ತಪ್ಪುಗಳನ್ನು ತುಂಬಿದ ತನ್ನ 'ಸಾಧನೆ'ಯನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ದಿನವಿಡೀ ನಗುತ್ತ ಓಡಾಡಿದ. ಈ ನಗುವಿನ ಬೆಲೆ ಏನು ಗೊತ್ತೆ? ಅದರಿಂದಾಗಿ ಆಕೆ ಸಂಕೋಚವಿಲ್ಲದೆ ಹುಡುಕಾಟ ಮುಂದುವರಿಸಿದಳು, ಇನ್ನೂ ಕೆಲವು ತಪ್ಪುಗಳು ಸಿಕ್ಕವು. ಆತ ಮುನಿಸಿಕೊಂಡಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತಿತ್ತು. ಕಂಪ್ಯೂಟರಿನ ಮೂಲ ವಿನ್ಯಾಸಕ್ಕೆ ಹೆಸರಾದ ಗಣಿತಜ್ಞ ಜಾನ್ ಫಾನ್ ನಾಯ್‌ಮನ್ ಕೂಡ ತಾನು ಕಳಪೆ ಪ್ರೋಗ್ರಾಮರ್ ಎಂದು ಹೇಳಿಕೊಳ್ಳುತ್ತ, ಬರೆದದ್ದನ್ನು ಇತರರ ಮುಂದೆ ಹಿಡಿದು ತಪ್ಪು ಹುಡುಕಿಸುತ್ತಿದ್ದರೆಂದು ವೈನ್‌ಬರ್ಗ್ ದಾಖಲಿಸಿದ್ದಾರೆ.

ತೋರಿಸದೆ ಉಳಿದ ತಪ್ಪು ಏನು ಮಾಡಬಲ್ಲದು ಎಂಬುದಕ್ಕೆ ನಗಲಾಗದ ಉದಾಹರಣೆಯೂ ಇದೆ. ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರದಿಂದ 1985 ಮತ್ತು 1987ರ ನಡುವೆ ಅಮೆರಿಕ ಹಾಗೂ ಕೆನಡಾಗಳಲ್ಲಿ ಆರು ರೋಗಿಗಳಿಗೆ ವಿಪರೀತ ವಿಕಿರಣ ತಗಲಿತು. ಕೆಲವರು ಪ್ರಾಣ ಕಳೆದುಕೊಂಡರು. ಆ ಯಂತ್ರದ ತಂತ್ರಾಂಶವನ್ನು ಬರೆದಿದ್ದದ್ದು ಒಬ್ಬನೇ ವ್ಯಕ್ತಿ. ಯಂತ್ರ ನಡೆಸುವವರು ಕೀಲಿಮಣೆಯಲ್ಲಿ ತಪ್ಪಾಗಿ ಒತ್ತಿದ್ದನ್ನು ಎಂಟು ಸೆಕೆಂಡುಗಳೊಳಗೆ ಬೇಗಬೇಗ ತಿದ್ದಿದರೆ, ಆ ತಿದ್ದುಪಡಿ ಯಂತ್ರದ ಒಂದು ಭಾಗಕ್ಕೆ ತಿಳಿಯುತ್ತಲೇ ಇರಲಿಲ್ಲ! ಇಂಥ ಅನಾಹುತ ಸಾಧ್ಯವೇ ಇಲ್ಲ ಎಂದು ತಯಾರಕರು ಮೊದಮೊದಲು ಹೇಳಿದ್ದರು.

ಈಗ ಶಿಕ್ಷಕರಿಗೆ ಹತ್ತಿರವಾದ ಪ್ರಸಂಗಕ್ಕೆ ಬರೋಣ. 1974ರಲ್ಲಿ ಬ್ರಯನ್ ಕರ್ನಿಹಾನ್ ಮತ್ತು ಪಿ. ಜೆ. ಪ್ಲಾಗರ್ ಎಂಬಿಬ್ಬರು ಪ್ರೋಗ್ರಾಮಿಂಗ್ ಶೈಲಿಯ ಬಗ್ಗೆ ಸಣ್ಣ ಪುಸ್ತಕವೊಂದನ್ನು ಪ್ರಕಟಿಸಿದರು. ಕೆಟ್ಟ ಪ್ರೋಗ್ರಾಮುಗಳನ್ನು ತೋರಿಸಿ ತಿದ್ದುವುದು ಅದರ ಕ್ರಮ. ಆ ಕೆಟ್ಟ ಉದಾಹರಣೆಗಳನ್ನು ಅವರು ತಂದದ್ದು ಎಲ್ಲಿಂದ? ಅಚ್ಚಾಗಿದ್ದ ಪಠ್ಯಪುಸ್ತಕಗಳಿಂದಲೇ! ಮಕ್ಕಳಿಗೆ ಮಾದರಿಯೆಂದು ಕೊಟ್ಟದ್ದೇ ಹೀಗಿದ್ದರೆ ಮಕ್ಕಳು ಇನ್ನು ಹೇಗೆ ಬರೆದಾರು?

ಅವರ ಮೊದಲ ಉದಾಹರಣೆಯನ್ನು ನೋಡಿ. ಫೋರ್ಟ್ರಾನ್ ಭಾಷೆಯ ಮೂರು ಸಾಲು. ಅಡ್ಡಸಾಲಿನ ಸಂಖ್ಯೆ 'ಐ', ಕಂಬಸಾಲಿನ ಸಂಖ್ಯೆ 'ಜೆ' ಎಂದು ಇಟ್ಟುಕೊಂಡು, ಚೌಕದ ಪ್ರತಿಯೊಂದು ಮನೆಯಲ್ಲೂ (ಐ/ಜೆ) × (ಜೆ/ಐ) ಎಂಬ ಬೆಲೆಯನ್ನು ತುಂಬು ಎಂಬುದೇ ಆದೇಶ. ಗಣಿತದ ಮೇಷ್ಟ್ರು ತಕ್ಷಣ ಹೇಳುತ್ತಾರೆ: ಇದೆಲ್ಲ 1 ತಾನೆ? ಎರಡೂ ಹೊಡೆದುಹೋಗುತ್ತವೆ! ಆದರೆ ಫೋರ್ಟ್ರಾನ್‌ನಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದಾಗ ಭಿನ್ನರಾಶಿಯ ಭಾಗ ಬಿದ್ದುಹೋಗುತ್ತದೆ. (ಸಿ ಭಾಷೆಯಲ್ಲಿಯೂ ಹೀಗೆಯೇ.) 2/3 ಎಂದರೆ 0, 3/2 ಎಂದರೆ 1. ಹಾಗಾಗಿ 'ಐ' ಚಿಕ್ಕದಿದ್ದರೆ ಮೊದಲ ಭಾಗಲಬ್ಧ ಸೊನ್ನೆ, 'ಜೆ' ಚಿಕ್ಕದಿದ್ದರೆ ಎರಡನೆಯದು ಸೊನ್ನೆ. ಎರಡೂ ಸಮನಾಗಿದ್ದರೆ ಮಾತ್ರ 1 × 1, ಅಂದರೆ 1. ಕೊನೆಗೆ ಸಿಗುವುದು ಕರ್ಣದ ಉದ್ದಕ್ಕೂ 1, ಉಳಿದೆಡೆ 0 ಇರುವ ಐಡೆಂಟಿಟಿ ಮ್ಯಾಟ್ರಿಕ್ಸ್.

ಎಂಥ ಜಾಣತನ! ಉತ್ತರವೂ ಸರಿಯಾಗಿದೆ. ಹಾಗಾದರೆ ನಗುವುದಕ್ಕೇನಿದೆ? ಹತ್ತಕ್ಕೆ ಹತ್ತರ ಚೌಕಕ್ಕೆ ಈ ವಿಧಾನದಲ್ಲಿ 200 ಭಾಗಾಕಾರ, 100 ಗುಣಾಕಾರ ಬೇಕು. ಅಂದಿನ ಕಂಪ್ಯೂಟರುಗಳಿಗೆ ಭಾಗಾಕಾರ ನಿಧಾನದ ಕೆಲಸ. ಮೊದಲು ಎಲ್ಲ ಮನೆಗಳಲ್ಲಿ ಸೊನ್ನೆ ಬರೆದು, ಆಮೇಲೆ ಕರ್ಣದ ಹತ್ತು ಮನೆಗಳಲ್ಲಿ 1 ಬರೆದರೆ ಒಂದೂ ಭಾಗಾಕಾರ ಬೇಡ. ಅದಕ್ಕಿಂತ ಮುಖ್ಯವಾಗಿ, ಓದಿದವರಿಗೆ ಒಡನೆ ಅರ್ಥವಾಗುತ್ತದೆ. ಕರ್ನಿಹಾನ್ ಮತ್ತು ಪ್ಲಾಗರ್ ಅವರ ತಕರಾರೂ ಇದೇ. ಪ್ರೋಗ್ರಾಮನ್ನು ಯಂತ್ರ ನಡೆಸುತ್ತದೆ, ನಿಜ. ಆದರೆ ಅದನ್ನು ತಿದ್ದಬೇಕಾದವರು ಮನುಷ್ಯರು. ನನಗಂತೂ ಈ ಮೂರು ಸಾಲುಗಳು ಕೆಟ್ಟ ಪ್ರೋಗ್ರಾಮಿನ ಅತ್ಯುತ್ತಮ ಮಾದರಿ ಎನಿಸುತ್ತವೆ. ತರಗತಿಯಲ್ಲಿ ಬರೆದು ತೋರಿಸಿ, ಯಾರು ಮೊದಲು ನಗುತ್ತಾರೆ ನೋಡಿ.

ಇನ್ನೊಬ್ಬರದ್ದನ್ನು ಹೇಳಿದ ಮೇಲೆ ನನ್ನದನ್ನೂ ಹೇಳಬೇಕಲ್ಲವೆ? ವಿದ್ಯಾರ್ಥಿಯಾಗಿದ್ದಾಗ ಬೇಸಿಕ್ ಭಾಷೆಯಲ್ಲಿ 100ರವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಪ್ರೋಗ್ರಾಮ್ ಬರೆದಿದ್ದೆ. ನೋಟ್‌ಪುಸ್ತಕ ಇನ್ನೂ ಇದೆ. ಚರಾಕ್ಷರಗಳಿಗೆ ಎ, ಎ1, ಎ2 ಎಂದು ಹೆಸರು. 60ನೆಯ ಸಾಲಿನಿಂದ 140ಕ್ಕೆ ಹೋಗು, 140ರಿಂದ 30ಕ್ಕೆ ಬಾ, ಅಲ್ಲಿಂದ 110ಕ್ಕೆ ಹಾರು ಎಂದು 'ಗೋಟು' ಆದೇಶಗಳು. ಬೆರಳಿಟ್ಟುಕೊಂಡು ಓದಿದರೂ ಈಗ ದಾರಿ ತಪ್ಪುತ್ತದೆ. ಸಾಲದ್ದಕ್ಕೆ 1ನ್ನೂ ಅವಿಭಾಜ್ಯ ಸಂಖ್ಯೆ ಎಂದು ಅದು ಅಚ್ಚುಹಾಕುತ್ತಿತ್ತು. ಆಗ ನಾನು ಆ ಹಾಳೆಯನ್ನು ಯಾರಿಗೂ ತೋರಿಸಿರಲಿಲ್ಲ.

ಈ 'ಗೋಟು' ಆದೇಶದ ಮೇಲೆ ದೊಡ್ಡ ಕದನವೇ ನಡೆದಿದೆ. 1968ರ ಮಾರ್ಚ್‌ನಲ್ಲಿ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರ ಅದು ಹಾನಿಕರ ಎಂದು ಪತ್ರಿಕೆಯೊಂದಕ್ಕೆ ಪತ್ರ ಬರೆದರು. ('ಹಾನಿಕರ' ಎಂಬ ಪದವಿದ್ದ ಪ್ರಸಿದ್ಧ ಶೀರ್ಷಿಕೆ ಮಾತ್ರ ಅವರದ್ದಲ್ಲ, ಸಂಪಾದಕ ನಿಕ್ಲಾಸ್ ವಿರ್ಟ್ ಕೊಟ್ಟದ್ದು.) ಎಲ್ಲಿಂದೆಲ್ಲಿಗೋ ಹಾರುವ ಪ್ರೋಗ್ರಾಮಿಗೆ ಪಾಶ್ಚಾತ್ಯರು ಸ್ಪಗೆಟಿಯ ಹೆಸರಿಟ್ಟರು, ನಾವು ಶ್ಯಾವಿಗೆ ಎನ್ನಬಹುದು. ವಾದವಿವಾದ ಬಿಸಿಯಾಗಿದ್ದಾಗಲೇ, 1973ರಲ್ಲಿ, ಆರ್. ಲಾರೆನ್ಸ್ ಕ್ಲಾರ್ಕ್ ಎಂಬುವರು 'ಗೋಟು' ಬದಲು 'ಕಮ್ ಫ್ರಮ್' ಎಂಬ ಆದೇಶವನ್ನು ಗಂಭೀರ ಮುಖದಿಂದ ಪ್ರಸ್ತಾಪಿಸಿದರು. 'ಎಲ್ಲಿಗೆ ಹೋಗಬೇಕು' ಎನ್ನುವ ಬದಲು 'ಎಲ್ಲಿಂದ ಬಂದೆ' ಎನ್ನುವುದು! ಶುದ್ಧ ತಮಾಷೆ.

ತಮಾಷೆ ಸ್ಪರ್ಧೆಯ ರೂಪ ಪಡೆದದ್ದು 1984ರಲ್ಲಿ. ಯೂನಿಕ್ಸ್ ವ್ಯವಸ್ಥೆಯ ಶೆಲ್ ಎಂಬ ಭಾಗವನ್ನು ಸ್ಟೀವ್ ಬೌರ್ನ್ ಬರೆದಿದ್ದರು. ಅವರಿಗೆ ಆಲ್ಗಾಲ್ ಎಂಬ ಹಳೆಯ ಭಾಷೆಯ ಮೇಲೆ ಎಷ್ಟು ಮೋಹವೆಂದರೆ, ಸಿ ಭಾಷೆಗೆ ಆಲ್ಗಾಲ್ ವೇಷ ತೊಡಿಸಿ ಬರೆದಿದ್ದರು. ಅದನ್ನು ಓದಿ ಬೆರಗಾದ ಲ್ಯಾಂಡನ್ ಕರ್ಟ್ ನೋಲ್ ಮತ್ತು ಲ್ಯಾರಿ ಬ್ಯಾಸೆಲ್, ಬೇಕೆಂದೇ ಅರ್ಥವಾಗದಂತೆ ಸಿ ಪ್ರೋಗ್ರಾಮ್ ಬರೆಯುವ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಆರಂಭಿಸಿದರು. ಮೊದಲ ವರ್ಷದ ಬಹುಮಾನಿತ ಪ್ರೋಗ್ರಾಮಿನ ಮುಖ್ಯಭಾಗದಲ್ಲಿ ಇದ್ದದ್ದು ಬರೀ ಸಂಖ್ಯೆಗಳ ಸಾಲು. ಆ ಸಂಖ್ಯೆಗಳೇ ಎರಡು ಬಗೆಯ ಕಂಪ್ಯೂಟರುಗಳಿಗೆ ಯಂತ್ರಭಾಷೆಯ ಆದೇಶಗಳಾಗಿದ್ದವು! ಬೇಕೆಂದು ಕೆಟ್ಟದಾಗಿ ಬರೆಯಲು ಭಾಷೆಯ ಒಳಹೊರಗು ಗೊತ್ತಿರಬೇಕು. ನಾವು ಬೇಡವೆಂದರೂ ಕೆಟ್ಟದಾಗಿ ಬರೆಯಬಲ್ಲೆವು.

ತನ್ನನ್ನು ತಾನೇ ನೋಡಿ ನಗುವುದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಸ್ಟ್ಯಾನ್‌ಫರ್ಡ್‌ನ ಡೊನಾಲ್ಡ್ ಕ್ನೂತ್. ಗಣಿತದ ಪುಸ್ತಕಗಳ ಅಕ್ಷರಜೋಡಣೆಗಾಗಿ ಅವರು ರಚಿಸಿದ ತಂತ್ರಾಂಶ 'ಟೆಕ್'. ಅದರಲ್ಲಿ ಕಂಡ ಪ್ರತಿಯೊಂದು ತಪ್ಪನ್ನೂ 1978ರ ಮಾರ್ಚ್ 10ರಿಂದ ದಿನಚರಿಯಂತೆ ಬರೆದಿಟ್ಟರು. 1989ರಲ್ಲಿ ಆ ಪಟ್ಟಿಯನ್ನೇ ಆಧರಿಸಿ ಲೇಖನವನ್ನೂ ಪ್ರಕಟಿಸಿದರು. ಆಗ ಪಟ್ಟಿಯಲ್ಲಿದ್ದ ನಮೂದುಗಳು 850ಕ್ಕೂ ಹೆಚ್ಚು! ಅವನ್ನು 15 ಬಗೆಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಅಕ್ಷರ ಕೊಟ್ಟರು. 'ಎ' ಎಂದರೆ ವಿಧಾನವೇ ತಪ್ಪು. 'ಬಿ' ಎಂದರೆ ಸರಿಯಾದದ್ದು ಗೊತ್ತಿದ್ದೂ ಬೇರೇನನ್ನೋ ಬರೆದ ಎಡವಟ್ಟು. 'ಎಫ್' ಮರೆತದ್ದು. 'ಟಿ' ಬೆರಳು ಜಾರಿದ್ದು. ಎಲ್ಲವೂ ತಪ್ಪುಗಳೇ ಅಲ್ಲ. ಆರು ಬಗೆಗಳು ಸುಧಾರಣೆಗೆ ಮೀಸಲು.

ಹೊಸ ತಪ್ಪು ಹುಡುಕಿಕೊಟ್ಟವರಿಗೆ ಕ್ನೂತ್ ತಮ್ಮ ಕೈಯಿಂದಲೇ ಬಹುಮಾನ ಕೊಡುತ್ತ ಬಂದಿದ್ದಾರೆ. ಮೊದಲ ಮೊತ್ತ 2.56 ಡಾಲರ್. 256 ಸೆಂಟುಗಳೆಂದರೆ 16ರ ಆಧಾರಸಂಖ್ಯಾ ಪದ್ಧತಿಯಲ್ಲಿ ಸರಿಯಾಗಿ 100 ಸೆಂಟು ಎಂಬುದು ಅವರ ವಿನೋದ. ಟೆಕ್‌ನ ತಪ್ಪಿಗೆ ಈ ಮೊತ್ತ ವರ್ಷವರ್ಷ ದುಪ್ಪಟ್ಟಾಗಿ 327.68 ಡಾಲರಿಗೆ ಬಂದು ನಿಂತಿತು. ಚೆಕ್ ಪಡೆದ ಹಲವರು ಅದನ್ನು ಬ್ಯಾಂಕಿಗೆ ಒಯ್ಯದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಟೆಕ್‌ನ ಆವೃತ್ತಿಯ ಸಂಖ್ಯೆಯೂ ಪ್ರತಿ ತಿದ್ದುಪಡಿಗೆ ಒಂದೊಂದು ಅಂಕಿಯಂತೆ 'ಪೈ' ಬೆಲೆಯತ್ತ ಸಾಗುತ್ತದೆ. 2021ರ ತಿದ್ದುಪಡಿಯ ನಂತರ ಅದು 3.141592653.

ನನ್ನ ಅವಿಭಾಜ್ಯ ಸಂಖ್ಯೆಗಳ ಪ್ರೋಗ್ರಾಮನ್ನು ಕ್ನೂತ್ ಪಟ್ಟಿಯ ಪ್ರಕಾರ ಮೊನ್ನೆ ವಿಂಗಡಿಸಿ ನೋಡಿದೆ. 22 ಸಾಲುಗಳಲ್ಲಿ ಎರಡು 'ಎ', ಒಂದು 'ಎಫ್', ಮೂರು 'ಟಿ'. 1ನ್ನು ಅವಿಭಾಜ್ಯ ಎಂದದ್ದನ್ನು 'ಬಿ'ಗೆ ಸೇರಿಸಲು ಮನಸ್ಸಾಯಿತು. ಆದರೆ ಅದು ಅವಿಭಾಜ್ಯವಲ್ಲ ಎಂದು ಆಗ ನನಗೆ ನಿಜವಾಗಿ ಗೊತ್ತಿತ್ತೆ? ಗೊತ್ತಿರಲಿಲ್ಲವೆಂದು ಕಾಣುತ್ತದೆ. 'ಎ'ಗೇ ಸೇರಿಸಿದ್ದೇನೆ.